ರಸ್ತೆ, ರೈಲು, ವಿಮಾನ: ಮುಂಬಯಿಯ ಮನೆಯ ಕಿಟಕಿಗೆ ಯಾವ ಪರಿಹಾರ?

ಹೈವೇಗೆ ಮುಖ ಮಾಡಿದ ಫ್ಲ್ಯಾಟು, ಹಳಿಯ ಪಕ್ಕದ ಕಟ್ಟಡ, ಮೆಟ್ರೋ ಸೇತುವೆಗೆ ಎದುರಾದ ಬೆಡ್‌ರೂಮು. ಡೊಂಬಿವಲಿಯಿಂದ ಗೋರೆಗಾಂವ್‌ವರೆಗೆ ನಮ್ಮವರ ಮನೆಗಳಲ್ಲಿ ಈ ತಲೆನೋವು ಸಾಮಾನ್ಯ. ಸಲಹೆಗಳಿಗೂ ಬರವಿಲ್ಲ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಅಂಗಡಿಯವನು ಡಬಲ್ ಗಾಜು ಹಾಕಿಸಿ ಅನ್ನುತ್ತಾನೆ, ಪರದೆ ಅಂಗಡಿಯವನು ದಪ್ಪ ಪರದೆ ಸಾಕು ಅನ್ನುತ್ತಾನೆ. ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು ಕಾಂಪೌಂಡ್ ಗೋಡೆ ಎತ್ತರಿಸೋಣ ಅಂದರೆ ಇನ್ನೊಬ್ಬರು ಪೊಲೀಸರಿಗೆ ಬರೆಯೋಣ ಅನ್ನುತ್ತಾರೆ. ಇವುಗಳಲ್ಲಿ ಕೆಲವು ಕೆಲವು ಮನೆಗೆ ಮಾತ್ರ ಸರಿ, ಒಂದೆರಡು ಯಾರಿಗೂ ಸರಿಯಲ್ಲ. ದುಡ್ಡು ಬಿಚ್ಚುವ ಮೊದಲು ನೋಡಬೇಕಾದ್ದು ಗಾಜಿನ ಬ್ರ್ಯಾಂಡ್ ಅಲ್ಲ. ಸದ್ದು ಯಾವ ಬಗೆಯದು, ಯಾವ ದಾರಿಯಿಂದ ಒಳಬರುತ್ತಿದೆ ಎಂಬುದು.

ಮೊದಲು ತಿಳಿದುಕೊಳ್ಳಬೇಕಾದ ಐದು ಸಂಗತಿ

ಒಂದು, ಸದ್ದಿನ ಮೂಲ. ಟ್ರಕ್ಕು, ಬಸ್ಸಿನ ಎಂಜಿನ್ನಿನದು ತಗ್ಗು ಸ್ವರದ ಗುಡುಗು, ಸುಮಾರು 60ರಿಂದ 200 ಹರ್ಟ್ಸ್‌, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಹಾರ್ನ್, ಬ್ರೇಕಿನ ಕಿರುಚು, ತಿರುವಿನಲ್ಲಿ ರೈಲು ಚಕ್ರದ ಕೀರಲು, ಇವು ಏರು ಸ್ವರದವು. ಏರು ಸ್ವರವನ್ನು ತಡೆಯುವುದು ಸುಲಭ, ತಗ್ಗು ಸ್ವರವನ್ನು ತಡೆಯುವುದು ಕಷ್ಟ ಮತ್ತು ದುಬಾರಿ. ವೇಗ 50 ಕಿ.ಮೀ. ದಾಟಿದ ಕಾರುಗಳಲ್ಲಿ ಎಂಜಿನ್‌ಗಿಂತ ಟಯರಿನ ಸದ್ದೇ ಮೇಲುಗೈ. ಹಾಗಾಗಿ ಹಗಲಿನ ಜಾಮ್‌ನಲ್ಲಿ ಕಾಡುವುದು ಹಾರ್ನ್, ರಾತ್ರಿ ಖಾಲಿ ರಸ್ತೆಯಲ್ಲಿ ಕಾಡುವುದು ಟಯರು ಮತ್ತು ಲಾರಿ.

ಎರಡು, ಕಿಟಕಿ ತೆರೆದಾಗ ಮತ್ತು ಮುಚ್ಚಿದಾಗ ಇರುವ ವ್ಯತ್ಯಾಸ. ಮೊಬೈಲಿನಲ್ಲಿ ಯಾವುದಾದರೂ ಡೆಸಿಬೆಲ್ ಆ್ಯಪ್ ಹಾಕಿಕೊಂಡು ರಾತ್ರಿ ಒಂದೇ ಜಾಗದಲ್ಲಿ, ಹಾಸಿಗೆಯ ತಲೆದಿಂಬಿನ ಬಳಿ, ಫ್ಯಾನ್ ಆರಿಸಿ ಹದಿನೈದು ನಿಮಿಷದ ಸರಾಸರಿ ತೆಗೆಯಿರಿ. ಒಮ್ಮೆ ಕಿಟಕಿ ತೆರೆದು, ಒಮ್ಮೆ ಮುಚ್ಚಿ. ಮೊಬೈಲು ತೋರಿಸುವ ಅಂಕಿ ನಿಖರವಲ್ಲದಿದ್ದರೂ ಎರಡರ ನಡುವಿನ ವ್ಯತ್ಯಾಸವನ್ನು ನಂಬಬಹುದು. ಮುಚ್ಚಿದಾಗ ಹತ್ತು ಡೆಸಿಬೆಲ್ ಕೂಡ ಇಳಿಯದಿದ್ದರೆ ತೊಂದರೆ ಇರುವುದು ಗಾಜಿನಲ್ಲಲ್ಲ, ಸಂದಿನಲ್ಲಿ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ, ಮೂರು ಇಳಿದರೆ ಆಗಷ್ಟೇ ಗೊತ್ತಾಗುತ್ತದೆ. ಮಾರಾಟಗಾರರ ಮಾತನ್ನು ಈ ಅಳತೆಗೋಲಿನಲ್ಲೇ ತೂಗಿ.

ಮೂರು, ಗಾಳಿ. ನಮ್ಮದು ಬೆವರಿನ ಊರು. ಕಿಟಕಿ ಮುಚ್ಚಿದ ಮೇಲೆ ಎಸಿ ಬೇಕು, ಇಲ್ಲವೇ ಗಾಳಿಗೆ ಬೇರೆ ದಾರಿ ಬೇಕು. ಆ ಖರ್ಚನ್ನು ಸೇರಿಸದೆ ಕಿಟಕಿಯ ಲೆಕ್ಕ ಹಾಕಿದರೆ ಏಪ್ರಿಲ್‌ನಲ್ಲಿ ಎಲ್ಲವನ್ನೂ ತೆರೆದಿಟ್ಟು ಮಲಗಬೇಕಾಗುತ್ತದೆ.

ನಾಲ್ಕು, ಮನೆ ಯಾರದು, ಎಷ್ಟು ವರ್ಷ. ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಬಾಡಿಗೆ ಕರಾರಿನಲ್ಲಿರುವವರು ಕಿಟಕಿ ಬದಲಿಸುವುದರಲ್ಲಿ ಅರ್ಥವಿಲ್ಲ. ಸ್ವಂತ ಮನೆಯಾದರೂ ಸೊಸೈಟಿ ರಿಡೆವಲಪ್‌ಮೆಂಟಿಗೆ (ಕೆಡವಿ ಹೊಸದಾಗಿ ಕಟ್ಟುವುದಕ್ಕೆ) ಹೋಗುವ ಮಾತು ಎದ್ದಿದ್ದರೆ ಲಕ್ಷದ ಖರ್ಚು ತಡೆಹಿಡಿಯಿರಿ.

ಐದು, ಅನುಮತಿ. ಹೊರಗಿನಿಂದ ಕಾಣುವ ಬದಲಾವಣೆಗೆ ಕಮಿಟಿಯ ಒಪ್ಪಿಗೆ ಬೇಕು. ಒಳಗಿನಿಂದ ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ಖರ್ಚಿಲ್ಲದ್ದು: ಹಾಸಿಗೆ ಸರಿಸುವುದು

ಹಾಸ್ಯವಲ್ಲ. ಕಟ್ಟಡದ ಹಿಂಭಾಗ ರಸ್ತೆಯ ಬದಿಗಿಂತ ಹತ್ತು ಡೆಸಿಬೆಲ್‌ಗೂ ಹೆಚ್ಚು ಶಾಂತವಾಗಿರಬಹುದು, ಏಕೆಂದರೆ ಇಡೀ ಕಟ್ಟಡವೇ ಅಡ್ಡಗೋಡೆ. ಅಷ್ಟು ಡೆಸಿಬೆಲ್ ಗಾಜಿನಿಂದ ಗಳಿಸಲು ದೊಡ್ಡ ಮೊತ್ತ ಬೇಕು. ಎರಡು ಬೆಡ್‌ರೂಮಿನ ಮನೆಯಲ್ಲಿ ಹಿಂದಿನ ಕೋಣೆ ಮಲಗಲು, ಮುಂದಿನದು ಓದಲು, ಟಿ.ವಿ.ಗೆ ಎಂದು ಅದಲು ಬದಲು ಮಾಡಿ ನೋಡಿ. ಆದರೆ ಹಿಂದೆ ಇನ್ನೊಂದು ಕಟ್ಟಡ ಒತ್ತಿಕೊಂಡಿದ್ದರೆ ಅದರ ಗೋಡೆ ಸದ್ದನ್ನು ತಿರುಗಿಸಿ ಕಳಿಸುತ್ತದೆ, ಲಾಭ ಕಡಿಮೆ.

ಸಾವಿರದ ಲೆಕ್ಕ: ಇರುವ ಕಿಟಕಿಯ ಸಂದು ಮುಚ್ಚುವುದು

ಮುಂಬಯಿಯ ಬಹುಪಾಲು ಮನೆಗಳಲ್ಲಿ ಇರುವುದು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಹಳೆಯದಾದರೆ ಮುಕ್ಕಾಲು ಇಂಚಿನ ಸೆಕ್ಷನ್ (ಚೌಕಟ್ಟಿನ ಪಟ್ಟಿ), ಹೊಸದಾದರೆ ಡೊಮಾಲ್ ಎಂಬ ದಪ್ಪ ಪಟ್ಟಿ. ಐದಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯ ಸುತ್ತಳತೆ 18 ಅಡಿ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಸಂದು ಉಳಿದರೂ ಅದು ಕಿಟಕಿಯ ವಿಸ್ತೀರ್ಣದ ಶೇಕಡಾ 0.3ರಷ್ಟಾಗುತ್ತದೆ. ಆಗ 40 ಡೆಸಿಬೆಲ್ ತಡೆಯಬಲ್ಲ ಗಾಜು ಹಾಕಿದ್ದರೂ ಇಡೀ ಕಿಟಕಿ ತಡೆಯುವುದು 25 ಮಾತ್ರ. ಸಂದು ಶೇಕಡಾ ಒಂದಾದರೆ 20ಕ್ಕೆ ಇಳಿಯುತ್ತದೆ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೇನು?

ಸಂದು ಹುಡುಕಲು ಫ್ಯಾನ್ ಆರಿಸಿ, ಅಗರಬತ್ತಿ ಹಚ್ಚಿ ಕಿಟಕಿಯ ಅಂಚಿನುದ್ದಕ್ಕೂ ನಿಧಾನ ಸರಿಸಿ. ಹೊಗೆ ಅಲುಗುವ ಕಡೆ ಗುರುತು ಮಾಡಿ. ಸಾಮಾನ್ಯವಾಗಿ ಸೋರುವ ಜಾಗ ನಾಲ್ಕು: ಕಿಟಕಿಯ ಎರಡು ಸರಿಯುವ ಬಾಗಿಲುಗಳ ನಡುವೆ ಕೊಂಡಿ ಹಾಕಿಕೊಳ್ಳುವ ಪಟ್ಟಿ, ಮೇಲಿನ ಟ್ರ್ಯಾಕ್, ಕೆಳಗಿನ ಎರಡು ಮೂಲೆ, ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕು. ಈ ಕೊನೆಯದನ್ನೇ ಜನ ಮರೆಯುವುದು, ಏಕೆಂದರೆ ಮೇಲೆ ಪುಟ್ಟಿ, ಬಣ್ಣ ಬಳಿದಿರುತ್ತದೆ.

ಬಾಗಿಲುಗಳನ್ನು ಟ್ರ್ಯಾಕಿನಿಂದ ಎತ್ತಿ ತೆಗೆಯಿರಿ. ಅಂಚಿನ ಸೀಳಿನಲ್ಲಿರುವ ಬ್ರಷ್ ಪಟ್ಟಿ ಸವೆದು ಚಪ್ಪಟೆಯಾಗಿರುತ್ತದೆ. ಅದರ ತುಂಡೊಂದನ್ನು ಅಂಗಡಿಗೆ ಒಯ್ದು ಬುಡದ ಅಗಲ ಅಷ್ಟೇ ಇರುವ, ನಡುವೆ ಪ್ಲಾಸ್ಟಿಕ್ ಪರೆ ಇರುವ ಪಟ್ಟಿ ಕೇಳಿ. ಬರೀ ಕೂದಲಿನ ಬ್ರಷ್ ಧೂಳು ತಡೆಯುತ್ತದೆ, ಸದ್ದನ್ನಲ್ಲ. ಕೂದಲಿನ ಎತ್ತರ ಸಂದಿಗಿಂತ ಒಂದು ಮಿಲಿಮೀಟರಿನಷ್ಟು ಹೆಚ್ಚಿರಲಿ. ಅದಕ್ಕಿಂತ ಹೆಚ್ಚಾದರೆ ಬಾಗಿಲು ಸರಿಯುವುದಿಲ್ಲ, ಮನೆಯವರು ಅರ್ಧ ತೆರೆದೇ ಬಿಡುತ್ತಾರೆ. ಬಾಗಿಲು ಓರೆಯಾಗಿದ್ದರೆ ಕೆಳಗಿನ ರೋಲರಿನ ಸ್ಕ್ರೂ ತಿರುಗಿಸಿ ನೇರ ಮಾಡಿ. ಗೋಡೆಯ ಬಿರುಕಿನಲ್ಲಿ ಸಡಿಲ ಪುಟ್ಟಿ ಕೆರೆದು, ಫೋಮ್ ಹಗ್ಗ ತುರುಕಿ, ಮೇಲೆ ನ್ಯೂಟ್ರಲ್ ಸಿಲಿಕಾನ್ ಹಚ್ಚಿ. ವಿನಿಗರ್ ವಾಸನೆಯ ಅಗ್ಗದ ಸಿಲಿಕಾನ್ ಬೇಡ, ಅದು ಲೋಹವನ್ನೂ ಮಾರ್ಬಲ್ ಕಟ್ಟೆಯನ್ನೂ ತಿನ್ನುತ್ತದೆ.

ಕೆಳಗಿನ ಟ್ರ್ಯಾಕಿನ ಹೊರಮೈಯಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಟ್ಟಬೇಡಿ. ಅಲ್ಲಿಂದಲೂ ಸದ್ದು ಬರುತ್ತದೆ ನಿಜ. ಆದರೆ ಅವನ್ನು ಮುಚ್ಚಿದರೆ ಜುಲೈ ಮಳೆಗೆ ಟ್ರ್ಯಾಕ್ ತುಂಬಿ ನೀರು ಹಾಸಿಗೆಗೆ ಹರಿಯುತ್ತದೆ.

ಇನ್ನೊಂದು ದೊಡ್ಡ ಸಂದು ವಿಂಡೋ ಎಸಿ. ಅದರ ತೆಳು ಹೊದಿಕೆ, ಸುತ್ತಲಿನ ಪ್ಲೈವುಡ್, ಥರ್ಮಾಕೋಲ್ ತುಂಡು ಎಲ್ಲವೂ ಸದ್ದಿಗೆ ತೆರೆದ ಬಾಗಿಲು. ವಿಂಡೋ ಎಸಿ ಇರುವ ಕೋಣೆಗೆ ದುಬಾರಿ ಗಾಜು ಹಾಕುವ ಮೊದಲು ಸ್ಪ್ಲಿಟ್‌ಗೆ ಬದಲಾಗಿ. ಅದರ ಪೈಪಿನ ತೂತನ್ನೂ ಸಿಮೆಂಟಿನಿಂದ ಮುಚ್ಚಿಸಿ.

ಸಂದು ಹೆಚ್ಚಿದ್ದ ಕಿಟಕಿಯಲ್ಲಿ ಇಷ್ಟಕ್ಕೇ ಐದು ಡೆಸಿಬೆಲ್ ಸಿಗಬಹುದು. ಹಾರ್ನ್ ಸಾಕಷ್ಟು ತಗ್ಗುತ್ತದೆ, ಲಾರಿಯ ಗುಡುಗು ಹಾಗೇ ಉಳಿಯುತ್ತದೆ. ಬಾಡಿಗೆಯವರಿಗೆ ಇದೇ ಸರಿಯಾದ ಆಯ್ಕೆ, ಸ್ವಂತ ಮನೆಯವರಿಗೆ ಇದು ಮೊದಲ ಮೆಟ್ಟಿಲು.

ದೊಡ್ಡ ಖರ್ಚು: ಡಬಲ್ ಗಾಜೋ, ಒಳಗೊಂದು ಎರಡನೇ ಕಿಟಕಿಯೋ?

ಹೆಚ್ಚು ದುಡ್ಡು ಪೋಲಾಗುವುದು ಇಲ್ಲಿ. ಅಂಗಡಿಯಲ್ಲಿ ತೋರಿಸುವ ಸಾಮಾನ್ಯ ಡಬಲ್ ಗಾಜು 6 ಮಿ.ಮೀ. ಗಾಜು, 12 ಮಿ.ಮೀ. ಗಾಳಿ, ಮತ್ತೆ 6 ಮಿ.ಮೀ. ಗಾಜು. ಯುರೋಪಿನ ಮಾನಕ ಪಟ್ಟಿಯಲ್ಲಿ ಒಂಟಿ 6 ಮಿ.ಮೀ. ಗಾಜಿನ ತಡೆ 31 ಡೆಸಿಬೆಲ್. ಸಮಾನ ದಪ್ಪದ ಈ ಜೋಡಿಯದೂ 31. ವಾಹನದ ಸದ್ದಿಗೆ ತಕ್ಕಂತೆ ತಿದ್ದಿದರೆ ಒಂಟಿ ಗಾಜಿನದು 28, ಜೋಡಿಯದು 27! ಕಾರಣವಿದೆ. ಎರಡು ಗಾಜುಗಳ ನಡುವೆ ಸಿಕ್ಕ ತೆಳು ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, ಸುಮಾರು 200 ಹರ್ಟ್ಸ್‌ನಲ್ಲಿ ಎರಡೂ ಗಾಜು ಒಟ್ಟಿಗೆ ಅದುರುತ್ತವೆ. ಲಾರಿಯ ಗುಡುಗು ಇರುವುದೂ ಅದೇ ಆಸುಪಾಸಿನಲ್ಲಿ. ಜೊತೆಗೆ ಎರಡೂ ಒಂದೇ ದಪ್ಪವಾದ್ದರಿಂದ 2000 ಹರ್ಟ್ಸ್‌ ಹತ್ತಿರ ಎರಡೂ ಒಂದೇ ಕಡೆ ಸೋಲುತ್ತವೆ. ಡಬಲ್ ಗಾಜು ಹುಟ್ಟಿದ್ದು ಚಳಿ ದೇಶದಲ್ಲಿ ಬಿಸಿ ಉಳಿಸಲು, ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ.

ಹಾಗಾದರೆ ಯುಪಿವಿಸಿ ಹಾಕಿಸಿದವರು ‘ಎಷ್ಟೋ ಕಡಿಮೆಯಾಯಿತು’ ಅನ್ನುವುದು ಸುಳ್ಳೇ? ಅಲ್ಲ. ಅವರಿಗೆ ಸಿಕ್ಕ ಲಾಭ ಹೊಸ ಚೌಕಟ್ಟಿನ ಬಿಗಿ ಗ್ಯಾಸ್ಕೆಟ್‌ನಿಂದ (ಅಂಚಿನ ರಬ್ಬರ್ ಪಟ್ಟಿಯಿಂದ), ಅಂದರೆ ಸಂದು ಮುಚ್ಚಿದ್ದರಿಂದ ಬಂದದ್ದು. ಅದೇ ಚೌಕಟ್ಟಿಗೆ ಡಬಲ್ ಗಾಜಿನ ಬದಲು ಒಂಟಿ 10 ಮಿ.ಮೀ. ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪರೆ ಇಟ್ಟು ಅಂಟಿಸಿದ ಗಾಜು) ಹಾಕಿದ್ದರೆ ಕಡಿಮೆ ದುಡ್ಡಿಗೆ ಇನ್ನೂ ಮೂರ್ನಾಲ್ಕು ಡೆಸಿಬೆಲ್ ಸಿಗುತ್ತಿತ್ತು. ಡಬಲ್ ಗಾಜೇ ಬೇಕೆಂದರೆ ಎರಡರ ದಪ್ಪ ಬೇರೆ ಬೇರೆ ಇರಲಿ: 10 ಮತ್ತು 6. ಆಗ ವಾಹನದ ಸದ್ದಿಗೆ ಸುಮಾರು 32 ಸಿಗುತ್ತದೆ.

ಸ್ಲೈಡಿಂಗೋ, ಬಾಗಿಲಿನಂತೆ ತೆರೆಯುವುದೋ ಎಂಬ ಪ್ರಶ್ನೆಯೂ ಗಾಜಿನಷ್ಟೇ ಮುಖ್ಯ. ತೆರೆಯುವ ಕಿಟಕಿಯನ್ನು ಹಿಡಿ ತಿರುಗಿಸಿ ಮುಚ್ಚಿದಾಗ ಸುತ್ತಲೂ ರಬ್ಬರ್ ಒತ್ತಿಕೊಳ್ಳುತ್ತದೆ, ಸ್ಲೈಡಿಂಗಿನಲ್ಲಿ ಬ್ರಷ್ ಸವರಿಕೊಂಡು ಹೋಗುತ್ತದೆ ಅಷ್ಟೇ. ಆದರೆ ಮುಂಬಯಿಯ ಮನೆಗಳಿಗೆ ಹೊರಗೆ ಗ್ರಿಲ್ ಇರುತ್ತದೆ, ಅದರೊಳಗೆ ತುಳಸಿ ಕುಂಡ, ಒಣಗಲು ಹಾಕಿದ ಬಟ್ಟೆ. ಹೊರಕ್ಕೆ ತೆರೆಯಲು ಜಾಗವಿಲ್ಲ, ಒಳಕ್ಕೆ ತೆರೆದರೆ ಪರದೆಗೆ ತಾಗುತ್ತದೆ. ಈ ಇಕ್ಕಟ್ಟಿನಲ್ಲೇ ಎಲ್ಲರೂ ಸ್ಲೈಡಿಂಗಿಗೆ ಮರಳುತ್ತಾರೆ.

ನಮ್ಮ ಮೊದಲ ಶಿಫಾರಸು ಬೇರೆ: ಹಳೆಯ ಕಿಟಕಿ ಇದ್ದಲ್ಲೇ ಇರಲಿ, ಅದರ ಒಳಬದಿಗೆ 100 ಮಿ.ಮೀ. ಬಿಟ್ಟು ಎರಡನೇ ಕಿಟಕಿ. ನಡುವಿನ ಗಾಳಿಯ ಜಾಗ 12ರಿಂದ 100ಕ್ಕೆ ಏರಿದೊಡನೆ ಆ ಒಟ್ಟಿಗೆ ಅದುರುವ ಸ್ವರ 200ರಿಂದ ಸುಮಾರು 70 ಹರ್ಟ್ಸ್‌ಗೆ ಇಳಿಯುತ್ತದೆ. ಅದರ ಮೇಲಿನದೆಲ್ಲ ಚೆನ್ನಾಗಿ ತಡೆಯಲ್ಪಡುತ್ತದೆ. ಬಿಗಿಯಾಗಿ ಕೂತರೆ ಒಟ್ಟು ತಡೆ 40 ಡೆಸಿಬೆಲ್ ದಾಟುತ್ತದೆ. ಹೊರಗಿನ ಕಿಟಕಿ ಮುಟ್ಟದ್ದರಿಂದ ಕಮಿಟಿಗೆ ತಕರಾರಿಲ್ಲ, ಮಳೆ ತಡೆಯುವ ಕೆಲಸ ಹಳೆಯದೇ ಮಾಡುತ್ತದೆ.

ತೊಡಕುಗಳೂ ಇವೆ. ಮೊದಲನೆಯದು ಗೋಡೆಯ ದಪ್ಪ. ಹಳೆಯ ಕಟ್ಟಡದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಜಾಗ ಧಾರಾಳ. ಹೊಸ ಟವರುಗಳ ಮಿವಾನ್ ಗೋಡೆ (ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟ್ ಗೋಡೆ) ತೆಳು, ಅಲ್ಲಿ ಒಳಗಿನ ಚೌಕಟ್ಟು ಕೋಣೆಯೊಳಕ್ಕೆ ಚಾಚಬೇಕಾಗಬಹುದು. 100 ಸಿಗದಿದ್ದರೆ 75ಕ್ಕೆ ಒಪ್ಪಿಕೊಳ್ಳಿ, 50ಕ್ಕಿಂತ ಕೆಳಗೆ ಇಳಿದರೆ ಖರ್ಚಿಗೆ ತಕ್ಕ ಫಲವಿಲ್ಲ. ಎರಡನೆಯದು ಭಾರ. ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ. ಐದು ನಾಲ್ಕಡಿ ಕಿಟಕಿಗೆ 6 ಮಿ.ಮೀ. ಗಾಜು 28 ಕಿಲೋ, 10 ಮಿ.ಮೀ. ಆದರೆ 46 ಕಿಲೋ. ಹಳೆಯ ಮುಕ್ಕಾಲಿಂಚಿನ ಚೌಕಟ್ಟಿಗೆ ದಪ್ಪ ಗಾಜು ತುರುಕಿದರೆ ರೋಲರ್ ಕೂತುಬಿಡುತ್ತದೆ. ಮೂರನೆಯದು ತೇವ. ಎಸಿ ಹಾಕಿದ ಕೋಣೆಯ ಒಳಗಾಜು ತಣ್ಣಗಿರುತ್ತದೆ, ಹೊರಗಿನ ಒದ್ದೆ ಗಾಳಿ ನಡುವಿನ ಜಾಗಕ್ಕೆ ಸೇರಿ ಆ ಗಾಜಿನ ಬೆನ್ನಿಗೆ ಹನಿಗಟ್ಟುತ್ತದೆ. ಒರೆಸಲು ಕೈ ಹೋಗದಿದ್ದರೆ ಒಂದೇ ಮಳೆಗಾಲದಲ್ಲಿ ಬೂಸು. ಆದ್ದರಿಂದ ಒಳಕಿಟಕಿ ಖಾಯಂ ಕೂರಿಸಿದ್ದಾಗಬಾರದು, ತೆರೆಯುವಂತಿರಬೇಕು. ಬೆಂಕಿ ಬಿದ್ದಾಗ ಹೊರಬರುವ ದಾರಿಯೂ ಅದೇ.

ಎಲ್ಲಾ ಕಿಟಕಿಗೂ ಸಾಧಾರಣ ಯುಪಿವಿಸಿ ಹಾಕಿಸುವ ದುಡ್ಡಿನಲ್ಲಿ ಮಲಗುವ ಒಂದು ಕೋಣೆಗೆ ಸರಿಯಾದ ಎರಡನೇ ಕಿಟಕಿ, ಗಾಳಿಯ ವ್ಯವಸ್ಥೆ ಎರಡೂ ಆಗುತ್ತವೆ. ಇಡೀ ಮನೆ ಸ್ವಲ್ಪ ಶಾಂತವಾಗುವುದಕ್ಕಿಂತ ಒಂದು ಕೋಣೆ ಪೂರ್ತಿ ಶಾಂತವಾಗುವುದು ಮೇಲು. ಮಲಗುವ ಕೋಣೆಯೊಳಗೆ ರಾತ್ರಿ 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಸಲಹೆ. ಹೈವೇ ಪಕ್ಕ ಆ ಗುರಿ ಮುಟ್ಟುವುದು ಹೀಗೆ ಒಂದು ಕೋಣೆಯಲ್ಲಿ ಮಾತ್ರ ಸಾಧ್ಯ.

ಅಡುಗೆಮನೆ, ಬಚ್ಚಲುಮನೆಯ ಕಿಟಕಿಗಳನ್ನು ಬಿಗಿ ಮಾಡಲೇಬೇಡಿ. ಪೈಪ್ ಗ್ಯಾಸ್ ಇರುವಲ್ಲಿ, ಅದಕ್ಕಿಂತಲೂ ಗ್ಯಾಸ್ ಗೀಸರ್ ಇರುವಲ್ಲಿ ಗಾಳಿ ಆಡದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಆ ಕಡೆಯ ಸದ್ದು ತಡೆಯಲು ಅಡುಗೆಮನೆಯ ಕಿಟಕಿಯಲ್ಲ, ಬೆಡ್‌ರೂಮಿನ ಬಾಗಿಲನ್ನು ಬಿಗಿ ಮಾಡಿ. ಬಾಗಿಲಡಿಯ ಸಂದಿಗೆ ಒಂದು ರಬ್ಬರ್ ಪಟ್ಟಿ ಸಾಕು.

ಪರದೆ, ಫೋಮ್, ಗಿಡ

ದಪ್ಪ ಪರದೆ ಕೋಣೆಯೊಳಗಿನ ಪ್ರತಿಧ್ವನಿ ಹೀರುತ್ತದೆ, ಹೊರಗಿನದನ್ನು ತಡೆಯುವುದಿಲ್ಲ. ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇ ಆಕಾರದ ಫೋಮ್ ಕೂಡ ಅಷ್ಟೇ, ಮೇಲಾಗಿ ಬೇಗ ಹೊತ್ತಿಕೊಳ್ಳುತ್ತದೆ. ತಡೆಯುವುದು ಭಾರ ಮತ್ತು ಬಿಗಿ, ಮೆತ್ತನೆಯಲ್ಲ. ಗ್ರಿಲ್ಲಿನಲ್ಲಿ ಸಾಲಾಗಿಟ್ಟ ಕುಂಡಗಳಿಂದ ಧೂಳು ಸ್ವಲ್ಪ ತಗ್ಗೀತು. ಮರಗಳಿಂದ ಐದು ಡೆಸಿಬೆಲ್ ಬೇಕೆಂದರೆ ಸುಮಾರು 30 ಮೀಟರ್ ಅಗಲದ ದಟ್ಟ ತೋಪು ಬೇಕು. ಮುಂಬಯಿಯಲ್ಲಿ ಅಷ್ಟು ಜಾಗ ಸಿಕ್ಕರೆ ಮೊದಲು ಬಿಲ್ಡರ್ ಬರುತ್ತಾನೆ.

ಸೊಸೈಟಿ ಒಟ್ಟಾಗಿ ಮಾಡಬಹುದಾದ್ದು: ಗೋಡೆ

ತಡೆಗೋಡೆ ಕೆಲಸ ಮಾಡುವುದು ವಾಹನದ ಚಕ್ರವೂ ನಿಮ್ಮ ಕಿಟಕಿಯೂ ಪರಸ್ಪರ ಕಾಣದಿದ್ದಾಗ. ನೋಟ ಕಡಿದ ಕೂಡಲೇ ಐದು ಡೆಸಿಬೆಲ್, ಇನ್ನೂ ಎತ್ತರಿಸಿದರೆ ಹತ್ತರವರೆಗೆ. ಎಂಟಡಿ ಗೋಡೆಯಿಂದ ನೆಲಮಹಡಿ, ಹೆಚ್ಚೆಂದರೆ ಮೊದಲ ಮಹಡಿಗೆ ಲಾಭ. ನಾಲ್ಕನೇ ಮಹಡಿಯವರು ಗೋಡೆಯ ಮೇಲಿಂದ ರಸ್ತೆ ನೋಡುತ್ತಲೇ ಇರುತ್ತಾರೆ, ಕೇಳುತ್ತಲೂ ಇರುತ್ತಾರೆ. ಎಲ್ಲರಿಂದ ಹಣ ಎತ್ತಿ ಇಬ್ಬರಿಗೆ ಪ್ರಯೋಜನವಾದರೆ ಸೊಸೈಟಿಯಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಟ್ಟುವುದೇ ಆದರೆ ಚದರ ಮೀಟರಿಗೆ ಕನಿಷ್ಠ ಹತ್ತು ಕಿಲೋ ಭಾರವಿರಲಿ. ಅರ್ಧ ಮಿಲಿಮೀಟರಿನ ಕಬ್ಬಿಣದ ತಗಡು ನಾಲ್ಕೇ ಕಿಲೋ, ಸಾಲದು. ಆರಿಂಚಿನ ಎಎಸಿ ಬ್ಲಾಕ್ (ಹಗುರ ಕಾಂಕ್ರೀಟ್ ಇಟ್ಟಿಗೆ) ಧಾರಾಳ ಸಾಕು. ಗೇಟಿನ ಕೆಳಗೆ, ಗೋಡೆಯ ಜಾಲಂಧ್ರಗಳಲ್ಲಿ ಸಂದು ಬಿಟ್ಟರೆ ಕಿಟಕಿಯ ಕಥೆಯೇ ಇಲ್ಲೂ. ಎತ್ತರಕ್ಕೆ ಪಾಲಿಕೆಯ ಅನುಮತಿ ಬೇಕು.

ಮೆಟ್ರೋ ಅಥವಾ ಫ್ಲೈಓವರ್ ಎದುರಿನ ಮಹಡಿಗಳಿಗೆ ಗೋಡೆ ಬೇಕಾದ್ದು ಮೇಲೆ, ಸೇತುವೆಯ ಅಂಚಿನಲ್ಲಿ. ಅದು ಸೊಸೈಟಿಯ ಕೈಯಲ್ಲಿಲ್ಲ. ಬೇಡಿಕೆ ಹೋಗಬೇಕಾದ್ದು ಆ ಸೇತುವೆ ನಡೆಸುವ ಸಂಸ್ಥೆಗೆ.

ದೂರು: ಯಾವುದಕ್ಕೆ ಫಲ, ಯಾವುದಕ್ಕಿಲ್ಲ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಘೋಷಿತವಾದ ಶಾಂತ ವಲಯಕ್ಕೆ 50 ಮತ್ತು 40. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಮಿತಿಯನ್ನು ಹತ್ತು ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ವಸತಿ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹೊಡೆಯುವುದು, ತುರ್ತು ಬಿಟ್ಟರೆ, ಅಪರಾಧವೇ. ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಲ್ಲಿ ಅನಗತ್ಯ ಹಾರ್ನಿಗೆ ಮೊದಲ ಸಲ ಸಾವಿರ, ಆಮೇಲೆ ಎರಡು ಸಾವಿರ ದಂಡ.

ಸತತ ಹರಿಯುವ ಟಯರಿನ ಸದ್ದಿಗೆ ದೂರಿನಿಂದ ಏನೂ ಆಗದು. ನೆಟ್ಟಗಾಗುವುದು ನಿರ್ದಿಷ್ಟ, ದುರಸ್ತಿ ಮಾಡಬಹುದಾದ ಮೂಲಗಳು: ಪ್ರತಿ ಗಾಡಿಗೂ ಢಬ್ ಎನ್ನುವ ಸಡಿಲ ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರಿನ ಎದ್ದ ಜಾಯಿಂಟ್, ಗೇಟಿನೆದುರೇ ಬಳಿದ ದಪ್ಪ ಬಿಳಿಪಟ್ಟಿಯ ಸಾಲು, ರಾತ್ರಿ ಎಂಜಿನ್ ಆರಿಸದೆ ನಿಲ್ಲುವ ಬಸ್ಸು. ಇವುಗಳಲ್ಲಿ ಒಂದು ಸರಿಯಾದರೂ ನಿದ್ದೆಗೆ ಆಗುವ ಲಾಭ ದೊಡ್ಡದು, ಏಕೆಂದರೆ ಎಬ್ಬಿಸುವುದು ಸರಾಸರಿಯಲ್ಲ, ಹಠಾತ್ ಸದ್ದು.

‘ತುಂಬಾ ಗಲಾಟೆ’ ಎಂದು ಬರೆದ ಅರ್ಜಿ ಕಡತಕ್ಕೆ ಹೋಗುತ್ತದೆ. ಏಳು ರಾತ್ರಿಯ ಪಟ್ಟಿ ಮಾಡಿ: ಗಂಟೆ, ಮೂಲ, ಅಳತೆ, ಎಷ್ಟು ಸಲ. ಜಾಗದ ಫೋಟೋ, ಹತ್ತಿರದ ಲೈಟ್ ಕಂಬದ ನಂಬರು ಸೇರಿಸಿ. ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ರಸ್ತೆಯ ದುರಸ್ತಿಗೆ ವಾರ್ಡ್ ಆಫೀಸಿಗೆ, ಹಾರ್ನಿಗೆ ಟ್ರಾಫಿಕ್ ಪೊಲೀಸರಿಗೆ ಬೇರೆ ಬೇರೆ ಪತ್ರ. ಬಿಎಂಸಿಯ (ಮುಂಬಯಿ ಪಾಲಿಕೆಯ) 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಮೊಬೈಲಿನ ಅಳತೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಅಧಿಕೃತ ಮೀಟರಿನಲ್ಲಿ ಅಳೆಯಿರಿ ಎಂದು ಪತ್ರದಲ್ಲೇ ಕೇಳಿ. ಮುಂಬಯಿ ಟ್ರಾಫಿಕ್ ಪೊಲೀಸರು 2020ರಲ್ಲಿ 85 ಡೆಸಿಬೆಲ್ ಮೀರಿ ಹಾರ್ನ್ ಹೊಡೆದರೆ ಕೆಂಪು ದೀಪ ಮತ್ತೆ ಮೊದಲಿನಿಂದ ಶುರುವಾಗುವ ಸಿಗ್ನಲ್ ತೋರಿಸಿ ದೇಶವನ್ನೇ ನಗಿಸಿದ್ದರು. ಅಂಥದ್ದು ನಿಮ್ಮ ನಾಕಾಕ್ಕೆ ಬರುವವರೆಗೆ ಕಾಯುವ ಬದಲು ಪತ್ರ ಬರೆಯುವುದು ಒಳ್ಳೆಯದು.

ಯಾವ ಮನೆಗೆ ಯಾವುದು

ಠಾಣೆಯ ಘೋಡ್‌ಬಂದರ್ ರಸ್ತೆಯ ಬದಿ, ನಾಲ್ಕನೇ ಮಹಡಿಗಿಂತ ಮೇಲೆ, ಸ್ವಂತ ಮನೆ, ರಾತ್ರಿಯ ಟ್ರಕ್ಕು: ಮಲಗುವ ಕೋಣೆಗೆ ಒಳಗಿನಿಂದ ಎರಡನೇ ಕಿಟಕಿ, ಸ್ಪ್ಲಿಟ್ ಎಸಿ. ಉಳಿದ ಕೋಣೆಗೆ ಬ್ರಷ್ ಪಟ್ಟಿ ಮಾತ್ರ.

ಡೊಂಬಿವಲಿಯಲ್ಲಿ ಹಳಿಯ ಪಕ್ಕ ಬಾಡಿಗೆಗೆ: ಸಂದು ಮುಚ್ಚಿ, ಹಿಂದಿನ ಕೋಣೆಗೆ ಹೋಗಿ, ಫೋಮ್ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಗೂಡ್ಸ್ ಗಾಡಿ ಹೋದಾಗ ಪಾತ್ರೆ ಕಪಾಟು ನಡುಗುವುದಾದರೆ ಅದು ನೆಲದ ಮೂಲಕ ಬರುವ ಕಂಪನ, ಯಾವ ಗಾಜೂ ಅದನ್ನು ನಿಲ್ಲಿಸದು. ಅಂಥ ಮನೆಯನ್ನು ಕೊಳ್ಳುವ ಯೋಚನೆಯಿದ್ದರೆ ಒಂದು ರಾತ್ರಿ ಮಲಗಿ ನೋಡಿ.

ಕುರ್ಲಾ, ಘಾಟ್ಕೋಪರ್‌ನ ಕಡೆ, ಮುಖ್ಯ ರನ್‌ವೇಗೆ ಪೂರ್ವದಿಂದ ಇಳಿಯುವ ವಿಮಾನಗಳ ದಾರಿಯ ಕೆಳಗೆ: ತಡೆಗೋಡೆ ನಿರರ್ಥಕ, ಸದ್ದು ಬರುವುದು ಮೇಲಿನಿಂದ, ಎಲ್ಲಾ ಬದಿಗೂ. ಆರ್‌ಸಿಸಿ ಚಾವಣಿಯಾದರೆ ಚಿಂತೆ ಕಿಟಕಿಯದಷ್ಟೇ. ತಗಡು ಚಾವಣಿಯ ಚಾಳಿನಲ್ಲಿ ಮಾತ್ರ ಕಿಟಕಿಗೆ ಮೊದಲು ಚಾವಣಿ: ಎರಡು ಪದರ ಜಿಪ್ಸಮ್ ಬೋರ್ಡು, ಮೇಲೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು). ಸೆಖೆಗೂ ಅದು ಒದಗುತ್ತದೆ.

ಒಂದೇ ಕೋಣೆ, ಒಂದೇ ಕಿಟಕಿ, ಎಸಿ ಇಲ್ಲ ಎಂಬ ಮನೆಗೆ ಗಾಜು ಬೇಡವೇ ಬೇಡ. ಕಿಟಕಿ ಮುಚ್ಚಲಾಗದ ಮೇಲೆ ಗಾಜಿನ ದಪ್ಪ ಎಷ್ಟಿದ್ದರೂ ಒಂದೇ. ಅಲ್ಲಿ ದೂರು ಮತ್ತು ಇಯರ್‌ಪ್ಲಗ್ ಎರಡೇ ದಾರಿ.

ಕೊಟೇಶನ್ ತರಿಸುವಾಗ ಬರವಣಿಗೆಯಲ್ಲಿ ಇಷ್ಟು ಇರಲಿ: ಪ್ರತಿ ಗಾಜಿನ ದಪ್ಪ ಮಿಲಿಮೀಟರಿನಲ್ಲಿ, ಲ್ಯಾಮಿನೇಟೆಡ್ ಹೌದೋ ಅಲ್ಲವೋ, ನಡುವಿನ ಜಾಗ ಎಷ್ಟು, ಗ್ಯಾಸ್ಕೆಟ್ ಇಪಿಡಿಎಂ ರಬ್ಬರಿನದೇ, ಚೌಕಟ್ಟು ಮತ್ತು ಗೋಡೆಯ ನಡುವೆ ಏನು ತುಂಬುತ್ತಾರೆ. ‘40 ಡೆಸಿಬೆಲ್ ಕಡಿಮೆ’ ಎಂದು ಹೇಳುವವರನ್ನು ಅದು ಬರೀ ಗಾಜಿನದೋ, ಚೌಕಟ್ಟು ಸೇರಿದ ಇಡೀ ಕಿಟಕಿಯದೋ, ವಾಹನದ ಸದ್ದಿಗೆ ತಿದ್ದಿದ ಅಂಕಿ ಎಷ್ಟು ಎಂದು ಕೇಳಿ, ಪರೀಕ್ಷಾ ವರದಿ ತೋರಿಸಲು ಹೇಳಿ. ಮೊದಲು ಒಂದು ಕಿಟಕಿ ಮಾಡಿಸಿ, ಅದೇ ತಲೆದಿಂಬಿನ ಬಳಿ ಅದೇ ಮೊಬೈಲಿನಿಂದ ಮತ್ತೆ ಅಳೆಯಿರಿ. ಎರಡನೆಯದಕ್ಕೆ ಮುಂಗಡ ಕೊಡುವುದು ಆಮೇಲೆ. ಕೊನೆಯ ಕಂತನ್ನು ಒಂದು ಜೋರು ಮಳೆ ಕಳೆಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.